ಸೂರ್ಯ ತಿರುಗುವುದು ಡಿಸೆಂಬರ್‌ನಲ್ಲಿ, ಸಂಕ್ರಾಂತಿ ಜನವರಿಯಲ್ಲಿ ಏಕೆ?

ಪ್ರಶ್ನೆ: ಪಂಚಾಂಗದ ಪ್ರಕಾರ ಉತ್ತರಾಯಣ ಪುಣ್ಯಕಾಲ ಜನವರಿ 14 ಅಥವಾ 15ಕ್ಕೆ. ಮಗಳ ಪಠ್ಯಪುಸ್ತಕದಲ್ಲಿ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ ಎಂದಿದೆ. ಪಂಚಾಂಗದವರ ಲೆಕ್ಕ ತಪ್ಪಿದೆಯೇ?

ಉತ್ತರ: ಲೆಕ್ಕ ತಪ್ಪಿಲ್ಲ, ಹೆಸರು ಹಳೆಯದಾಗಿದೆ. ಮಕರ ಸಂಕ್ರಾಂತಿ ಎಂದರೆ ಸೂರ್ಯ ನಿರಯನ ಮಕರ ರಾಶಿಗೆ ಕಾಲಿಡುವ ಕ್ಷಣ. ನಿರಯನ ಎಂದರೆ ನಕ್ಷತ್ರಗಳನ್ನು ಗುರುತಾಗಿಟ್ಟುಕೊಂಡು ಅಳೆದದ್ದು. ಸೂರ್ಯ ದಕ್ಷಿಣದ ತುದಿ ಮುಟ್ಟಿ ಹಿಂದಿರುಗುವುದು ಬೇರೆಯೇ ಘಟನೆ. ಅದಕ್ಕೆ ಕಾರಣ ಭೂಮಿಯ ಅಕ್ಷದ 23.4 ಡಿಗ್ರಿ ವಾಲಿಕೆ.

ಸುಮಾರು ಕ್ರಿ.ಶ. 285ರ ಹೊತ್ತಿಗೆ ಇವೆರಡೂ ಒಂದೇ ದಿನ ಬೀಳುತ್ತಿದ್ದವು. ಆದರೆ ವೇಗ ತಗ್ಗಿದ ಬುಗುರಿಯ ತಲೆ ಓಲಾಡುವಂತೆ ಭೂಮಿಯ ಅಕ್ಷವೂ ಸುಮಾರು 25,800 ವರ್ಷಕ್ಕೊಂದು ಸುತ್ತು ಓಲಾಡುತ್ತದೆ. ಇದರಿಂದ ಅಯನದ ಬಿಂದು, ಅಂದರೆ ಸೂರ್ಯ ತಿರುಗುವ ಜಾಗ, ನಕ್ಷತ್ರಗಳ ನಡುವೆ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಹಿಂದೆ ಸರಿಯುತ್ತದೆ. ಹೀಗೆ ಕೂಡಿದ ಅಂತರವೇ ಅಯನಾಂಶ. ರಾಷ್ಟ್ರೀಯ ಪಂಚಾಂಗ ಬಳಸುವ ಲೆಕ್ಕದಲ್ಲಿ ಅದೀಗ 24 ಡಿಗ್ರಿ ದಾಟಿದೆ. ಸೂರ್ಯ ದಿನಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ಸಾಗುವುದರಿಂದ ಡಿಸೆಂಬರ್ 21ಕ್ಕೂ ಜನವರಿ 14ಕ್ಕೂ 24 ದಿನಗಳ ಅಂತರ. ನಿಜವಾದ ಉತ್ತರಾಯಣ ಈಗ ಧನುರ್ಮಾಸದ ಮೊದಲ ವಾರದಲ್ಲೇ ಆಗಿಹೋಗುತ್ತದೆ.

ಇದು ನಮ್ಮವರಿಗೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಹಿಂದಿನ ಶಾಸ್ತ್ರಗಳಲ್ಲಿ ಧನಿಷ್ಠಾ ನಕ್ಷತ್ರದ ಆದಿಯಲ್ಲಿ ಉತ್ತರಾಯಣ ಎಂದಿದೆ, ಈಗ ಅದು ಮಕರದ ಆದಿಯಲ್ಲಿ ಆಗುತ್ತಿದೆ ಎಂದು ಆರನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಬರೆದಿದ್ದಾನೆ. ನೆರಳಿನಿಂದ ಪರೀಕ್ಷಿಸಿ ನೋಡುವ ದಾರಿಯನ್ನೂ ಅಲ್ಲೇ ಹೇಳುತ್ತಾನೆ. ಅವನ ಕಾಲಕ್ಕೆ ಸರಿಯಿದ್ದ ಮಾತು ಹಾಗೇ ಉಳಿಯಿತು, ಆಕಾಶ ಸರಿಯಿತು. ಹಬ್ಬವನ್ನು ಜನವರಿಯಲ್ಲೇ ಮಾಡಿ, ಎಳ್ಳುಬೆಲ್ಲಕ್ಕೆ ಅಯನಾಂಶದ ಹಂಗಿಲ್ಲ. ‘ಇಂದಿನಿಂದ ಸೂರ್ಯ ಉತ್ತರಕ್ಕೆ ತಿರುಗುತ್ತಾನೆ’ ಎಂಬ ಮಾತನ್ನು ಮಾತ್ರ ಮಗಳಿಗೆ ಹೇಳಿಕೊಡಬೇಡಿ.

14ಕ್ಕೋ 15ಕ್ಕೋ ಎಂಬ ಗೊಂದಲಕ್ಕೆ ಕಾರಣ ಬೇರೆ. ಸಂಕ್ರಮಣದ ಕ್ಷಣ ಪ್ರತಿ ವರ್ಷ 6 ಗಂಟೆ 9 ನಿಮಿಷದಷ್ಟು ಮುಂದೆ ಹೋಗುತ್ತದೆ. ಫೆಬ್ರವರಿ 29 ಬಂದು ಒಂದು ದಿನ ಹಿಂದಕ್ಕೆ ಎಳೆಯುತ್ತದೆ. 2024ರಲ್ಲಿ ಅದು ಜನವರಿ 15ರ ಬೆಳಗಿನ ಜಾವ 3ರ ಹೊತ್ತಿಗಿತ್ತು, 2025ರಲ್ಲಿ 14ರ ಬೆಳಿಗ್ಗೆ 9ಕ್ಕೆ, 2026ರಲ್ಲಿ 14ರ ಮಧ್ಯಾಹ್ನ 3 ದಾಟಿದ ಮೇಲೆ. ನಾಲ್ಕು ವರ್ಷದ ಈ ಓಲಾಟದ ಕೆಳಗೆ ಸಂಕ್ರಾಂತಿ ನಿಧಾನವಾಗಿ ಮುಂದಕ್ಕೆ ಸರಿಯುವುದೂ ಇದೆ. ವಿವೇಕಾನಂದರು ಹುಟ್ಟಿದ್ದು 1863ರ ಸಂಕ್ರಾಂತಿಯಂದು, ಆ ದಿನ ಜನವರಿ 12.

ಪ್ರಶ್ನೆ: ಉತ್ತರಾಯಣದ ದಿನವನ್ನು ಮನೆಯಲ್ಲೇ ಅಳೆದು ಕಂಡುಹಿಡಿಯಬಹುದೇ?

ಉತ್ತರ: ಬಹುದು. ಆದರೆ ಡಿಸೆಂಬರ್ 21ಕ್ಕೆ ಕೋಲು ಹಿಡಿದು ತಾರಸಿಗೆ ಹೋದರೆ ಆಗದು. ಬೆಂಗಳೂರಿನಲ್ಲಿ ಒಂದು ಮೀಟರ್ ಎತ್ತರದ ಕೋಲಿನ ನಡುಹಗಲ ನೆರಳು ಅಂದು ಸುಮಾರು 73.8 ಸೆಂ.ಮೀ. ಐದು ದಿನ ಬಿಟ್ಟು ಅಳೆದರೂ ವ್ಯತ್ಯಾಸ ಎರಡು ಮಿಲಿಮೀಟರ್ ಅಷ್ಟೇ. ಜನವರಿ 14ರ ಹೊತ್ತಿಗೆ ಅದೇ ನೆರಳು 68 ಸೆಂ.ಮೀ. ಆಸುಪಾಸಿಗೆ ಇಳಿದು, ದಿನಕ್ಕೆ 4 ಮಿ.ಮೀ.ಗಿಂತ ಹೆಚ್ಚು ಕುಗ್ಗುತ್ತಿರುತ್ತದೆ. ಆದ್ದರಿಂದ ನವೆಂಬರ್ ಕೊನೆಯಲ್ಲಿ ಒಂದು ದಿನ ಅಳೆದು ಗುರುತು ಹಾಕಿ. ಜನವರಿಯಲ್ಲಿ ನೆರಳು ಮತ್ತೆ ಅದೇ ಗುರುತಿಗೆ ಬರುವ ದಿನ ನೋಡಿ. ಎರಡರ ನಟ್ಟನಡುವಿನ ದಿನವೇ ಉತ್ತರಾಯಣ.

ಕೋಲಿನ ತುದಿಯ ನೆರಳನ್ನು ನಂಬಬೇಡಿ. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ನೆರಳಿನ ಅಂಚು ಒಂದು ಸೆಂ.ಮೀ.ಗೂ ಹೆಚ್ಚು ಮಸುಕಾಗಿರುತ್ತದೆ. ತುದಿಗೆ ಅಂಗೈಯಗಲದ ರಟ್ಟು ಅಡ್ಡಲಾಗಿ ಅಂಟಿಸಿ, ಅದರಲ್ಲಿ 3–4 ಮಿ.ಮೀ. ತೂತು ಕೊರೆಯಿರಿ. ನೆಲದ ಮೇಲೆ ಸೂರ್ಯನ ಮೊಟ್ಟೆಯಾಕಾರದ ಬಿಂಬ ಬೀಳುತ್ತದೆ, ಅದರ ನಡುವಿಗೆ ಪೆನ್ಸಿಲ್ ಇಡಿ. (ತೂತಿನ ಮೂಲಕ ಸೂರ್ಯನನ್ನು ನೋಡುವುದು ಬೇಡವೇ ಬೇಡ.)

ದೊಡ್ಡ ತಪ್ಪು ಆಗುವುದು ಕೋಲಿನ ಬುಡದಲ್ಲಿ. ಕೋಲು ಒಂದೇ ಡಿಗ್ರಿ ವಾಲಿದರೂ ಅಳತೆ 1.7 ಸೆಂ.ಮೀ. ಕೆಡಬಹುದು, ಅಂದರೆ ನಾಲ್ಕು ದಿನ. ಬುಡದಿಂದ ಅಳೆಯದೆ, ಗಾರೆ ಕೆಲಸದವರ ತೂಕದ ಗುಂಡನ್ನು ತೂತಿನಿಂದಲೇ ಇಳಿಬಿಟ್ಟು ಅದು ಮುಟ್ಟುವ ಬಿಂದುವಿನಿಂದ ಅಳೆಯಿರಿ. ಮಳೆನೀರು ಹರಿಯಲೆಂದು ತಾರಸಿಗೆ ಇಳಿಜಾರು ಕೊಟ್ಟಿರುತ್ತಾರೆ. ಆದ್ದರಿಂದ ಕೆಳಗೆ ಹಲಗೆ ಹಾಕಿ ರಸಮಟ್ಟ ಇಟ್ಟು ಸಮ ಮಾಡಿ. ಇಳಿಜಾರು ಉಳಿದರೂ ಕೋಲು, ಹಲಗೆ ಎರಡನ್ನೂ ಕದಲಿಸದಿದ್ದರೆ ನಟ್ಟನಡುವಿನ ದಿನದ ಲೆಕ್ಕ ಕೆಡುವುದಿಲ್ಲ, ನೆರಳಿನ ಉದ್ದ ಮಾತ್ರ ತಪ್ಪು ಬರುತ್ತದೆ.

ಇನ್ನು ಗಡಿಯಾರದ ಹನ್ನೆರಡಕ್ಕೆ ಅಳೆಯಬೇಡಿ. ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ರೇಖೆ ದಾಟುವುದು ನವೆಂಬರ್ 28ಕ್ಕೆ ಸುಮಾರು 12:08ಕ್ಕೆ, ಡಿಸೆಂಬರ್ 21ಕ್ಕೆ 12:18ಕ್ಕೆ, ಜನವರಿ 14ಕ್ಕೆ 12:29ಕ್ಕೆ. ಮಂಗಳೂರಿನಲ್ಲಿ ಇದಕ್ಕೆ 11 ನಿಮಿಷ ಕೂಡಿಸಿ. ಆ ಹೊತ್ತಿನ ಹಿಂದೆ ಮುಂದೆ ಕಾಲು ಗಂಟೆ, ಮೂರು ಮೂರು ನಿಮಿಷಕ್ಕೊಮ್ಮೆ ಗುರುತು ಹಾಕಿ, ಅತಿ ಚಿಕ್ಕದನ್ನು ಆರಿಸಿಕೊಳ್ಳಿ.

ಪ್ರಶ್ನೆ: ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಮಾತ್ರ ಲಿಂಗದ ಮೇಲೆ ಬಿಸಿಲು ಬೀಳುವುದು ಹೇಗೆ?

ಉತ್ತರ: ‘ಮಾತ್ರ’ ಎಂಬುದು ಸರಿಯಲ್ಲ. ಮೇಲೆ ಹೇಳಿದ ನೆರಳಿನ ಜೋಡಿ ದಿನಗಳನ್ನು ನೆನೆಯಿರಿ. ಜನವರಿ 14ರಂದು ಸೂರ್ಯ ದಕ್ಷಿಣಕ್ಕೆ ಎಷ್ಟು ದೂರ ಇರುತ್ತಾನೋ ನವೆಂಬರ್ 28ರ ಸುಮಾರಿಗೂ ಅಷ್ಟೇ ದೂರ ಇರುತ್ತಾನೆ, ಮುಳುಗುವುದೂ ಅದೇ ದಿಕ್ಕಿನಲ್ಲಿ. ನಂದಿಯ ಕೊಂಬುಗಳ ನಡುವೆ ತೂರಿ ಬರುವ ಬೆಳಕಿಗೆ ತಿಂಗಳು ತಿಳಿಯದು. ಜನವರಿ 13ರಿಂದ 16ರವರೆಗೆ, ಹಾಗೆಯೇ ನವೆಂಬರ್ 26ರಿಂದ ಡಿಸೆಂಬರ್ 2ರವರೆಗೆ ಬಿಸಿಲು ಒಳಗೆ ಬರುತ್ತದೆ ಎಂದು ಜವಾಹರಲಾಲ್ ನೆಹರು ತಾರಾಲಯದ ಖಗೋಳತಜ್ಞರು 2008ರಲ್ಲಿ ತೋರಿಸಿದ್ದಾರೆ. 18ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಚಿತ್ರಕಾರರಾದ ಡೇನಿಯಲರು ಬರೆದ ಚಿತ್ರಗಳಲ್ಲಿ ಗುಡಿಯ ಸುತ್ತ ಇಷ್ಟೊಂದು ಕಟ್ಟಡಗಳಿಲ್ಲ. ಮೊದಲು ಬೆಳಕು ಒಳಬರುತ್ತಿದ್ದುದು ಸೂರ್ಯ ತಿರುಗುವ ಅಯನದ ದಿನಗಳಲ್ಲೇ ಇರಬೇಕು ಎಂದು ಆ ಖಗೋಳತಜ್ಞರು ಅದರಿಂದ ವಾದಿಸಿದರು. ಜನವರಿಯ ಜನಜಂಗುಳಿ ಬೇಡವೆಂದರೆ ನವೆಂಬರ್ ಕೊನೆಯ ಸಂಜೆಗೆ ಹೋಗಿ.

ಪ್ರಶ್ನೆ: ಉತ್ತರಾಯಣವಾದ ಮೇಲೆ ಹಗಲು ಬೆಳೆಯುತ್ತದೆ ಎನ್ನುತ್ತಾರೆ, ಆದರೆ ಜನವರಿಯಲ್ಲಿ ಸೂರ್ಯ ಇನ್ನೂ ತಡವಾಗಿ ಹುಟ್ಟುತ್ತಾನಲ್ಲ?

ಉತ್ತರ: ನಿಮ್ಮ ಕಣ್ಣು ಸರಿಯಾಗಿದೆ. ಡಿಸೆಂಬರ್ 21ರಿಂದ ಜನವರಿ 14ಕ್ಕೆ ಬೆಂಗಳೂರಿನ ಹಗಲು ಬೆಳೆಯುವುದು ಸುಮಾರು ಐದೇ ನಿಮಿಷ, ಅತ್ತ ಎರಡೂವರೆ, ಇತ್ತ ಎರಡೂವರೆ. ಅದೇ ಅವಧಿಯಲ್ಲಿ ನಡುಹಗಲೇ 11 ನಿಮಿಷ ತಡವಾಗುತ್ತದೆ. ಭೂಮಿ ಜನವರಿ ಮೊದಲ ವಾರ ಸೂರ್ಯನಿಗೆ ಅತಿ ಹತ್ತಿರವಿದ್ದು ವೇಗವಾಗಿ ಓಡುತ್ತದೆ, ಅಕ್ಷದ ವಾಲಿಕೆಯೂ ಅದಕ್ಕೆ ಸೇರುತ್ತದೆ. ಆ ದಿನಗಳಲ್ಲಿ ಒಂದು ನಡುಹಗಲಿನಿಂದ ಮತ್ತೊಂದಕ್ಕೆ 24 ಗಂಟೆಯ ಮೇಲೆ ಹೆಚ್ಚುಕಡಿಮೆ ಅರ್ಧ ನಿಮಿಷ ಬೇಕು. ಕೂಡಿಸಿ ಕಳೆದರೆ ಸೂರ್ಯೋದಯ ಎಂಟು ನಿಮಿಷ ತಡವಾಗುತ್ತದೆ, ಸೂರ್ಯಾಸ್ತ ಹದಿಮೂರು ನಿಮಿಷ ತಡವಾಗುತ್ತದೆ. ಬೆಳಿಗ್ಗೆ ಸೂರ್ಯ ಬೇಗ ಏಳತೊಡಗುವುದು ಜನವರಿ ಮುಗಿಯುತ್ತ ಬಂದ ಮೇಲೆಯೇ.