ಎಡಗಣ್ಣಿನವರು ಎಡಗೈಗೆ ಬದಲಾಯಿಸಬೇಕಾ?

ಬಿಲ್ಲುಗಾರಿಕೆ ಕಲೀತಿರೋ ನೀವು ಬಲಗೈಯವರು, ಆದರೆ ಗುರಿ ನೋಡೋದು ಎಡಗಣ್ಣು. ಕೋಚ್ ಎಡಗೈಗೆ ಬದಲಾಯಿಸಿ, ಅಂದರೆ ಬಲಗೈಲಿ ಬಿಲ್ಲು ಹಿಡಿದು ಎಡಗೈಲಿ ದಾರ ಎಳೀರಿ ಅಂದಿದ್ದಾರೆ, ಇಷ್ಟು ತಿಂಗಳು ಕಲಿತದ್ದು ನೀರಲ್ಲಿ ಹೋಮವಾ ಅಂತ ಕೇಳಿದ್ದೀರಿ. ಹೊಸಬರಾದ್ದರಿಂದ ಬದಲಾಯಿಸಿ ಅನ್ನೋದೇ ನನ್ನ ಮಾತು. ಬಾಣ ಬಲಗಣ್ಣಿನ ಕೆಳಗಿದ್ದು ಎಡಗಣ್ಣು ತುದಿ ನೋಡಿದರೆ ಬಾಣಗಳೆಲ್ಲ ಎಡಕ್ಕೇ ಹೋಗ್ತವೆ.

ಮೊದಲು ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಕೈ ಚಾಚಿ, ಎರಡೂ ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ಬಿಟ್ಟು ಗೋಡೆಯ ಸ್ವಿಚ್ ನೋಡಿ. ಬಲಗಣ್ಣು ಮುಚ್ಚಿದಾಗಲೂ ಸ್ವಿಚ್ ಕಿಂಡಿಯಲ್ಲೇ ಇದ್ದರೆ ಎಡಗಣ್ಣೇ ಯಜಮಾನ. ವ್ಯತ್ಯಾಸ ಸ್ಪಷ್ಟವಿಲ್ಲದಿದ್ದರೆ ಕನ್ನಡಕದ ಎಡ ಗಾಜಿಗೆ ಟೇಪ್ ಹಚ್ಚಿ ಬಲಗೈಯಲ್ಲೇ ಮುಂದುವರಿಯಬಹುದು.

ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಆದರೆ ರೈಸರ್ (ನಡುವಿನ ಹಿಡಿ), ರೆಸ್ಟ್ (ಬಾಣ ಕೂರೋ ಆಸರೆ), ಟ್ಯಾಬ್ (ದಾರ ಎಳೆಯೋ ಬೆರಳುಗಳ ರಕ್ಷಣೆ) ಎಡಗೈಯದ್ದೇ ಬೇಕು. ರೈಸರಿನ ಮೇಲೆ ಕೆಳಗೆ ಕೂರೋ ಬಾಗುವ ಪಟ್ಟಿಗಳಾದ ಲಿಂಬ್‌ಗೆ ಎಡ ಬಲ ಇಲ್ಲ. ಫಿಟ್ಟಿಂಗ್ ಒಂದೇ ಇದ್ದರೆ ನಿಮ್ಮ 30 ಪೌಂಡ್ (ದಾರ ಎಳೆಯೋಕೆ ಬೇಕಾದ ಬಲ) ಲಿಂಬ್ ಹೊಸ ರೈಸರಿಗೂ ಕೂರುತ್ತೆ, ಆದರೆ ಈಗಲೇ ಕೂರಿಸಬೇಡಿ. 18-20 ಪೌಂಡ್ ಬಾಡಿಗೆಗೋ ಎರವಲೋ ತನ್ನಿ. ಹಳೇ ಬಾಣ ಅದಕ್ಕೆ ಗಡುಸಾಗಿ ಬಲಕ್ಕೆ ಹೋಗಬಹುದು. ಅದನ್ನು ನಿಮ್ಮ ತಪ್ಪು ಅಂದುಕೊಂಡು ತಿದ್ದೋಕೆ ಹೋಗಬೇಡಿ.

ಎಲ್ಲರೂ ಎಳೆಯೋ ಎಡಗೈ ಬಗ್ಗೆ ತಲೆ ಕೆಡಿಸಿಕೊಳ್ತಾರೆ. ನಿಜವಾದ ತಲೆನೋವು ಬಲಗೈ. ಬಿಲ್ಲಿನ ಕೈ ಹಿಡಿಯಬಾರದು, ಬರೀ ತಳ್ಳಬೇಕು. ಬಲಗೈಗೋ ಏನು ಕೊಟ್ಟರೂ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಆಕ್ಸಿಲರೇಟರ್ ಹಿಡಿದ ಹಾಗೆ ಹಿಡಿಯೋದೇ ಅಭ್ಯಾಸ. ಫಿಂಗರ್ ಸ್ಲಿಂಗ್ (ಬಿಲ್ಲು ಬೀಳದಂತೆ ಬೆರಳಿಗೆ ಕಟ್ಟೋ ದಾರ) ಹಾಕಿ, ಹೆಬ್ಬೆರಳ ಬುಡದ ದಪ್ಪ ಭಾಗಕ್ಕೆ ಒತ್ತಡ ಬರಲಿ, ಉಳಿದ ಬೆರಳು ಸಡಿಲ. ಬಿಲ್ಲು ಬೀಳುತ್ತೆ ಅನ್ನೋ ಭಯ ಹೋದರೆ ಅರ್ಧ ಕೆಲಸ ಆಯ್ತು. ಮೊಣಕೈಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ, ಇಲ್ಲದಿದ್ದರೆ ದಾರ ಚರ್ಮ ಸುಲಿಯುತ್ತೆ. ಆರ್ಮ್‌ಗಾರ್ಡ್ ಈಗ ಬಲಗೈಗೆ, ಮರೀತೀರ!

ಮೊದಲ ವಾರಗಳಲ್ಲಿ ಟಾರ್ಗೆಟ್ ಪೇಪರ್ ಬೇಡ. ಬೇಲ್‌ನಿಂದ (ಬಾಣ ನಾಟೋ ದಪ್ಪ ಕಟ್ಟು) ಎರಡು ಮೂರು ಮೀಟರಿನಲ್ಲಿ ನಿಂತು ಆಂಕರ್ (ಎಳೆದ ಕೈ ಮುಖಕ್ಕೆ ತಾಗಿ ನಿಲ್ಲೋ ಜಾಗ), ರಿಲೀಸ್ (ದಾರ ಬಿಡೋದು) ಅಷ್ಟೇ. ಮನೇಲಿ ರಬ್ಬರ್ ಬ್ಯಾಂಡ್ ಎಳೀರಿ. ಗೋಡೆಗೆ ಗೋಡೆ ತಾಗಿರೋ ನಮ್ಮ ಲೇಔಟುಗಳ ಟೆರೇಸಲ್ಲಿ ಬಾಣ ಬಿಡೋದು ಖಂಡಿತ ಬೇಡ. ಬಾಣ ಇಲ್ಲದೆ ದಾರ ಬಿಡೋದೂ ಬೇಡ, ಲಿಂಬ್ ಸೀಳುತ್ತೆ.

ಅಂಗಡೀಲಿ ಎಲ್‌ಎಚ್ (ಲೆಫ್ಟ್ ಹ್ಯಾಂಡ್) ಅಂತ ಕೇಳಿ. ಎಡಗೈಯಲ್ಲಿ ದಾರ ಎಳೆಯೋ ಬಿಲ್ಲು ಅದು, ಎಡಗೈಯಲ್ಲಿ ಹಿಡಿಯೋದಲ್ಲ. ಎಷ್ಟೋ ಜನ ಉಲ್ಟಾ ಆರ್ಡರ್ ಮಾಡಿ ವಾಪಸ್ ಕಳಿಸ್ತಾರೆ.