ಸಂಪಾದಕರ ಉತ್ತರ: ಬಚ್ಚಿಟ್ಟ ಹಣ, ಬಹಿರಂಗ ಮಾತು

ಯುರೋಪಿನ ಚುನಾವಣೆಗಳ ಕುರಿತ ನಮ್ಮ ಲೇಖನವನ್ನು ಓದಿದ ಧಾರವಾಡದ ಓದುಗರೊಬ್ಬರು ಎರಡು ಪ್ರಶ್ನೆ ಕೇಳಿದ್ದಾರೆ. ಜನರು ಬಲಪಂಥೀಯ ಪಕ್ಷಗಳಿಗೆ ಮತ ಹಾಕಿದಾಗಲೆಲ್ಲ ವಿದೇಶಿ ಕೈವಾಡವನ್ನು ಕಾಣುವುದು ಮತದಾರರಿಗೆ ಮಾಡುವ ಅವಮಾನವಲ್ಲವೇ? ಮಾಸ್ಕೋ ಮಾಡಿದ್ದು ಹಸ್ತಕ್ಷೇಪವಾದರೆ ಮೊಲ್ಡೋವಾದಲ್ಲಿ ಯುರೋಪಿಯನ್ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಮಾಡಿದ್ದೇನು?

ಮಾನ್ಯರೇ,

ನಿಮ್ಮ ಮೊದಲ ಪ್ರಶ್ನೆಯ ಹಿಂದಿನ ಅಸಮಾಧಾನ ನ್ಯಾಯವಾದದ್ದು. ರೊಮೇನಿಯಾದಲ್ಲಿ 2024ರ ನವೆಂಬರ್ 24ರಂದು ನಡೆದ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ, ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಬಲಪಂಥೀಯ ಅಭ್ಯರ್ಥಿ ಕಲಿನ್ ಜಾರ್ಜೆಸ್ಕು ಸುಮಾರು ಶೇ 23ರಷ್ಟು ಮತ ಪಡೆದು ಮೊದಲಿಗರಾದರು. ಪ್ರಚಾರಕ್ಕೆ ಏನೂ ಖರ್ಚು ಮಾಡಿಲ್ಲವೆಂದು ಅವರು ಘೋಷಿಸಿದ್ದರು. ಟಿಕ್‌ಟಾಕ್‌ನಲ್ಲಿ ಸಾವಿರಾರು ಖಾತೆಗಳು ಒಮ್ಮೆಗೇ ಚುರುಕಾಗಿ ಅವರ ಪರ ದುಡಿದವೆಂದು ಗುಪ್ತಚರ ದಾಖಲೆಗಳು ಹೇಳಿದವು. ಎರಡನೇ ಸುತ್ತಿಗೆ ಎರಡೇ ದಿನ ಉಳಿದಿರುವಾಗ, ಹೊರದೇಶಗಳಲ್ಲಿ ಮತದಾನ ಆಗಲೇ ಆರಂಭವಾಗಿದ್ದಾಗ, ವಿದೇಶಿ ಕೈವಾಡದ ಅನುಮಾನದ ನಡುವೆ, ಸಾಂವಿಧಾನಿಕ ನ್ಯಾಯಾಲಯ ಇಡೀ ಚುನಾವಣೆಯನ್ನು ರದ್ದುಪಡಿಸಿತು. ಅವರಿಗೆ ನೆರವಾದ ಟಿಕ್‌ಟಾಕ್ ಪ್ರಚಾರಗಳಲ್ಲೊಂದಕ್ಕೆ ಹಣ ಕೊಟ್ಟದ್ದು ಆಡಳಿತ ಮೈತ್ರಿಕೂಟದಲ್ಲೇ ಇದ್ದ ಪಕ್ಷವೆಂದು ಅಲ್ಲಿನ ಪತ್ರಕರ್ತರು ಆಮೇಲೆ ವರದಿ ಮಾಡಿದರು. ಪುರಾವೆಯನ್ನು ಜನರ ಮುಂದೆ ಪೂರ್ತಿಯಾಗಿ ಇಡದೆ ಅವರ ಮತವನ್ನು ಅಳಿಸಿಹಾಕಿದ್ದು, ವ್ಯವಸ್ಥೆಯ ಮೇಲೆ ಮೊದಲೇ ನಂಬಿಕೆ ಕಳೆದುಕೊಂಡಿದ್ದವರ ಅನುಮಾನವನ್ನು ಗಟ್ಟಿಮಾಡಿತೆಂದೇ ನನ್ನ ಅಭಿಪ್ರಾಯ.

2025ರ ಮೇ ತಿಂಗಳ ಮರುಚುನಾವಣೆಯಲ್ಲಿ ಬಲಪಂಥೀಯ ನಾಯಕ ಜಾರ್ಜ್ ಸಿಮಿಯೋನ್ ಮೊದಲ ಸುತ್ತಿನಲ್ಲಿ ಶೇ 41ರಷ್ಟು ಮತ ಗಳಿಸಿದರೂ, ಎರಡನೇ ಸುತ್ತಿನಲ್ಲಿ ಬುಕಾರೆಸ್ಟ್‌ನ ಮೇಯರ್ ನಿಕುಶೋರ್ ಡಾನ್ ಶೇ 53ಕ್ಕೂ ಹೆಚ್ಚು ಮತ ಪಡೆದು ಗೆದ್ದರು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಇಟಲಿ, ಸ್ಪೇನ್, ಜರ್ಮನಿಗಳಲ್ಲಿ ಮತ ಹಾಕಿದ ರೊಮೇನಿಯನ್ನರಲ್ಲಿ ಬಹುಪಾಲು ಜನ ಸಿಮಿಯೋನ್ ಅವರನ್ನು ಬೆಂಬಲಿಸಿದ್ದರು. ಯುರೋಪಿಯನ್ ಒಕ್ಕೂಟದೊಳಗೆ ಎಲ್ಲಿ ಬೇಕಾದರೂ ದುಡಿಯಬಹುದೆಂಬ ಹಕ್ಕಿನಿಂದಲೇ ಅವರಿಗೆ ಅನ್ನ ಸಿಕ್ಕಿದೆ; ತಮ್ಮ ಊರಿನಲ್ಲೇ ಬದುಕುವಂತೆ ಮಾಡಲಾಗದ ಆಳುವವರ ಮೇಲಿನ ಸಿಟ್ಟು ಮಾತ್ರ ಆರಿಲ್ಲ. ಈ ಸಿಟ್ಟನ್ನು ಯಾವ ವಿದೇಶವೂ ಹುಟ್ಟಿಸಲಿಲ್ಲ, ಹೊರಗಿನವರು ಅದನ್ನು ಬಳಸಿಕೊಳ್ಳುತ್ತಾರೆ ಅಷ್ಟೆ.

ಇನ್ನು ರೊಮೇನಿಯಾದ ನೆರೆಯ ಮೊಲ್ಡೋವಾ. 2024ರ ಅಕ್ಟೋಬರ್ 20ರಂದು, ಯುರೋಪಿಯನ್ ಒಕ್ಕೂಟವನ್ನು ಸೇರುವ ಗುರಿಯನ್ನು ಸಂವಿಧಾನದಲ್ಲಿ ಬರೆಯಬೇಕೇ ಎಂಬ ಜನಮತಗಣನೆಯಲ್ಲಿ ಶೇ 50.35ರಷ್ಟು ಜನ ಒಪ್ಪಿಗೆ ಕೊಟ್ಟರು. ಮತದಾನಕ್ಕೆ ಮುನ್ನ, ಬ್ಯಾಂಕ್ ವಂಚನೆಯಲ್ಲಿ ಶಿಕ್ಷೆಗೊಳಗಾಗಿ ದೇಶ ಬಿಟ್ಟಿದ್ದ ಉದ್ಯಮಿ ಇಲಾನ್ ಶೋರ್ ಅವರ ಜಾಲವು ರಷ್ಯಾದ ಬ್ಯಾಂಕೊಂದರ ಮೂಲಕ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಹಣ ಹಂಚಿತೆಂದು ಅಲ್ಲಿನ ಪೊಲೀಸರು ಹೇಳಿದರು. ಅದೇ ಅಕ್ಟೋಬರ್ 10ರಂದು, ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೈಯೆನ್ ರಾಜಧಾನಿ ಚಿಸಿನಾವುಗೆ ಬಂದು 180 ಕೋಟಿ ಯೂರೋಗಳ ನೆರವಿನ ಯೋಜನೆಯನ್ನು ಪ್ರಕಟಿಸಿದ್ದೂ ನಿಜ. ಆ ಮುಹೂರ್ತ ಆಕಸ್ಮಿಕವೆಂದು ನಾನು ವಾದಿಸುವುದಿಲ್ಲ. ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ: ಹಗಲಿನಲ್ಲಿ ಹೆಸರು ಹೇಳಿ ಕೊಟ್ಟ ಭರವಸೆಯನ್ನು ಮತದಾರ ಅಳೆದು ನೋಡಬಹುದು, ತಿರಸ್ಕರಿಸಬಹುದು, ಗುಟ್ಟಾಗಿ ಮತವನ್ನೇ ಕೊಂಡವರನ್ನು ಪ್ರಶ್ನಿಸುವ ಅವಕಾಶವೇ ಅವನಿಗಿರುವುದಿಲ್ಲ.

ಇದೇ ಅಳತೆಯನ್ನು ಅಮೆರಿಕಕ್ಕೂ ಅನ್ವಯಿಸಬೇಕು. 2025ರ ಫೆಬ್ರುವರಿ 14ರಂದು, ಜರ್ಮನಿಯ ಚುನಾವಣೆಗೆ ಒಂಬತ್ತು ದಿನವಿದ್ದಾಗ, ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಮ್ಯೂನಿಕ್‌ನಲ್ಲಿ, ಬಲಪಂಥೀಯ ಪಕ್ಷಗಳನ್ನು ದೂರವಿಡುವುದನ್ನು ಟೀಕಿಸಿ ಮಾಡಿದ ಭಾಷಣ ನನಗೆ ಒಪ್ಪಿಗೆಯಿಲ್ಲ, ಆದರೆ ಅದು ಬಹಿರಂಗ ಭಾಷಣ. ಎಲಾನ್ ಮಸ್ಕ್ ಅವರ ವಿಷಯ ಬೇರೆ. ಜರ್ಮನಿಯ ಬಲಪಂಥೀಯ ಎಎಫ್‌ಡಿ ಪಕ್ಷವನ್ನು ಬೆಂಬಲಿಸಿದ ವ್ಯಕ್ತಿಯೇ, ಯಾರ ಮಾತು ಎಷ್ಟು ಜನರಿಗೆ ತಲುಪಬೇಕೆಂದು ನಿರ್ಧರಿಸುವ ಎಕ್ಸ್ ಜಾಲತಾಣದ ಒಡೆಯ. ಆ ನಿರ್ಧಾರ ಹೇಗಾಗುತ್ತದೆಂಬುದು ಮತದಾರರ ಕಣ್ಣಿಗೆ ಬೀಳುವುದಿಲ್ಲ.

ಒಗ್ಗಟ್ಟಿನ ಪ್ರಶ್ನೆ ಬರುವುದು ಇಲ್ಲಿಯೇ. ವಿದೇಶಾಂಗ ನೀತಿಯಲ್ಲಿ ಒಕ್ಕೂಟದ 27 ದೇಶಗಳೂ ಒಪ್ಪಬೇಕಾಗಿರುವುದರಿಂದ, ಹೊರಗಿನವರಿಗೆ ಇಡೀ ಯುರೋಪನ್ನು ಗೆಲ್ಲುವ ಅಗತ್ಯವಿಲ್ಲ, ಒಂದು ರಾಜಧಾನಿ ಸಾಕು. 2023ರ ಡಿಸೆಂಬರ್‌ನಲ್ಲಿ ಉಕ್ರೇನ್ ಜೊತೆ ಸದಸ್ಯತ್ವದ ಮಾತುಕತೆ ಆರಂಭಿಸುವ ತೀರ್ಮಾನ ಸಾಧ್ಯವಾದದ್ದು, ಅದನ್ನು ವಿರೋಧಿಸುತ್ತಿದ್ದ ಹಂಗೆರಿಯ ಆಗಿನ ಪ್ರಧಾನಿ ವಿಕ್ಟರ್ ಓರ್ಬಾನ್ ಸಭೆಯಿಂದ ಎದ್ದು ಹೊರಗೆ ಹೋದದ್ದರಿಂದ. ಬೇರೆ ದೇಶಗಳ ಮೇಲೆ ಹೇರುವ ನಿರ್ಬಂಧಗಳಂಥ ವಿಷಯಗಳಲ್ಲಾದರೂ ಬಹುಮತದ ತೀರ್ಮಾನಕ್ಕೆ ಒಕ್ಕೂಟ ಒಪ್ಪಬೇಕೆಂಬುದು ನನ್ನ ನಿಲುವು. ಅದರ ಜೊತೆಗೆ, ರೊಮೇನಿಯಾದ ಚುನಾವಣೆಯ ಬಗ್ಗೆ ಟಿಕ್‌ಟಾಕ್ ವಿರುದ್ಧ ಯುರೋಪಿಯನ್ ಆಯೋಗ 2024ರ ಡಿಸೆಂಬರ್ 17ರಂದು ಆರಂಭಿಸಿದ ತನಿಖೆಯ ಪ್ರತಿಯೊಂದು ಪುರಾವೆಯೂ, ಯಾರಿಗೆ ಮುಜುಗರವಾದರೂ ಸರಿ, ಮತ ಕಳೆದುಕೊಂಡ ಆ ಜನರ ಮುಂದೆ ಬರಬೇಕು.