ಕೂದಲು ಉದುರುತ್ತದೆ ಅಂತ ಮಾತ್ರೆ ಬಿಟ್ಟವರು

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ವಯಸ್ಸು 45 ದಾಟಿದ ಮಹಿಳೆ, ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಹೆಪಟೈಟಿಸ್ ಬಿ ಸೋಂಕಿನಿಂದ ಲಿವರ್ ಸಿರೋಸಿಸ್, ಅಂದರೆ ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ, ಆಗಿದೆ. ನನ್ನ ಹತ್ತಿರ ಬರುವ ಸುಮಾರು ಮೂರು ತಿಂಗಳ ಮೊದಲು ರಕ್ತ ವಾಂತಿಯಾಗಿ ಆಸ್ಪತ್ರೆ ಸೇರಿದ್ದರು. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿಗೆ ಎಂಡೋಸ್ಕೋಪಿಯಲ್ಲಿ ಬ್ಯಾಂಡ್ ಹಾಕಿ, ಆ ರಕ್ತನಾಳಗಳ ಒತ್ತಡ ಇಳಿಸುವ ಪ್ರೊಪ್ರನಲಾಲ್ ಮತ್ತು ಹೊಟ್ಟೆಯ ನೀರು ಇಳಿಸುವ ಮಾತ್ರೆ ಕೊಟ್ಟು ಕಳಿಸಿದ್ದರು.

ನನ್ನ ಹತ್ತಿರ ಕಳಿಸಿದ್ದು ಲಿವರ್ ಡಾಕ್ಟರ್. "ಮಾತ್ರೆ ಸರಿಯಾಗಿ ತಗೋತಿಲ್ಲ ಅನ್ನಿಸುತ್ತೆ, ಕಾರಣ ಬಾಯಿ ಬಿಡ್ತಿಲ್ಲ" ಅಂದರು.

ಕಾರಣ ಅವರ ಕೈಚೀಲದಲ್ಲಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಕೂದಲಿನ ಉಂಡೆ.

"ಇದು ಒಂದೇ ದಿನದ್ದು ಮೇಡಂ. ಲಿವರ್ ಪೂರ್ತಿ ಹೋಯ್ತು ಅಂತ ತಾನೇ ಇದರ ಅರ್ಥ?"

ಆ ಭಯದಲ್ಲಿ ಅವರು ಮೂರು ಕೆಲಸ ಮಾಡಿದ್ದರು. ಪ್ರೊಪ್ರನಲಾಲ್‌ನಿಂದ ಕೂದಲು ಉದುರುತ್ತದೆ ಅಂತ ಫೋನಿನಲ್ಲಿ ಓದಿ ಅದನ್ನು ನಿಲ್ಲಿಸಿದ್ದರು. "ಲಿವರ್ ಕಾಯಿಲೆಗೆ ಬೇಳೆ, ಮೊಟ್ಟೆ ಆಗಲ್ಲ" ಅಂತ ನಾದಿನಿ ಹೇಳಿದ್ದಕ್ಕೆ ಗಂಜಿ, ತಿಳಿಸಾರಿನಲ್ಲೇ ದಿನ ದೂಡುತ್ತಿದ್ದರು. ಪಕ್ಕದ ಮನೆಯವರು ತರಿಸಿಕೊಟ್ಟ ಕೂದಲಿನ ಕ್ಯಾಪ್ಸೂಲ್ ಶುರು ಮಾಡಿದ್ದರು.

ಪ್ರಾಣಕ್ಕಿಂತ ಕೂದಲು ಹೆಚ್ಚಾ ಅಂತ ಮನೆಯಲ್ಲಿ ಎಲ್ಲರೂ ಕೇಳಿದ್ದರಂತೆ. ನಾನು ಕೇಳಲಿಲ್ಲ. ಹೊಟ್ಟೆ ಊದಿ, ಕೈಕಾಲು ಸಣ್ಣಗಾಗಿ, ಕನ್ನಡಿಯಲ್ಲಿ ತಮ್ಮ ಗುರುತೇ ತಮಗೆ ಸಿಗದಂತಾಗಿರುವ ಹೆಂಗಸಿಗೆ ಜಡೆ ಸಣ್ಣ ವಿಷಯವಲ್ಲ. ಅವರು ಅತ್ತು ಸುಮ್ಮನಾಗುವವರೆಗೆ ಕಾದೆ.

ಆಮೇಲೆ ಮೊದಲು ಹೇಳಿದ್ದು ಮಾತ್ರೆಯ ವಿಷಯ. "ಅಕ್ಕಾ, ಪ್ರೊಪ್ರನಲಾಲ್‌ನಿಂದ ಕೂದಲು ಉದುರುವುದುಂಟು, ಆದರೆ ಅಪರೂಪ. ಆ ರಕ್ತನಾಳ ಮತ್ತೆ ಒಡೆಯದಂತೆ ಕಾಯುತ್ತಿರುವುದು ಅದೇ ಮಾತ್ರೆ. ಅದರ ಮೇಲೆ ಅನುಮಾನ ಇದ್ದರೆ ಡಾಕ್ಟರ್ ಬದಲಿ ಮಾತ್ರೆ ಯೋಚಿಸಬಹುದು. ನೀವಾಗಿ ನಿಲ್ಲಿಸಬೇಡಿ." ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ನಾಡಿ, ಬಿಪಿ ನೋಡಿ ಮಾತ್ರೆ ಮತ್ತೆ ಶುರು ಮಾಡಿದರು.

ಕೂದಲಿಗೆ ಕಾರಣ ಒಂದೇ ಇರಲಿಲ್ಲ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ. ಮೈಗೆ ದೊಡ್ಡ ಪೆಟ್ಟು ಬಿದ್ದರೆ, ಅಂದರೆ ರಕ್ತಸ್ರಾವ, ಜೋರು ಜ್ವರ, ಆಪರೇಷನ್ ಆದರೆ, ಬೆಳೆಯುತ್ತಿದ್ದ ಕೂದಲಲ್ಲಿ ಬಹಳಷ್ಟು ಒಟ್ಟಿಗೆ ಬೆಳವಣಿಗೆ ನಿಲ್ಲಿಸುತ್ತವೆ. ಅವು ಉದುರುವುದು ಎರಡು ಮೂರು ತಿಂಗಳಾದ ಮೇಲೆ. ಅವರಿಗೆ ರಕ್ತ ವಾಂತಿಯಾಗಿ ಅಷ್ಟೇ ಸಮಯ ಆಗಿತ್ತು. "ಇದು ಲಿವರ್ ಈಗ ಹಾಳಾಗುತ್ತಿದೆ ಅನ್ನುವ ಸೂಚನೆ ಅಲ್ಲ, ಅವತ್ತಿನ ಪೆಟ್ಟಿನ ಲೆಕ್ಕ" ಅಂದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. ಬೇರು ಸತ್ತಿರುವುದಿಲ್ಲ. ಕಾರಣ ಸರಿಹೋದರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ.

ಆದರೆ ಬರಬೇಕಾದರೆ ಮೈಗೆ ಊಟ ಬೇಕು, ಅಲ್ವಾ? ಬೇಳೆ, ಮೊಟ್ಟೆ ಬಿಡಿ ಅನ್ನುವುದು ಹಳೆಯ ಸಲಹೆ, ಅದರಿಂದ ಇಂದಿಗೂ ತುಂಬಾ ಹಾನಿಯಾಗುತ್ತಿದೆ. ಸಿರೋಸಿಸ್ ಇರುವವರಿಗೆ ಪ್ರೊಟೀನ್ ಜಾಸ್ತಿಯೇ ಬೇಕು, ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ. ಹೊಟ್ಟೆಯ ನೀರು ಬಿಟ್ಟು ಅವರ ತೂಕ ಸುಮಾರು 50 ಕೆಜಿ. ಅಂದರೆ 60ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ, ಹಾಗಾಗಿ ಗಂಜಿಯಲ್ಲಿ ಈ ಲೆಕ್ಕ ಮುಟ್ಟುವ ಮಾತೇ ಇಲ್ಲ. ಡಯಟೀಷಿಯನ್ ಜೊತೆ ಕೂತು ಗಟ್ಟಿ ಬೇಳೆ, ಮೊಟ್ಟೆ, ಮೊಸರು, ಹೆಸರುಕಾಳು ಬರೆದೆವು. ಮಲಗುವ ಮುಂಚೆ ಹಾಲು ಹಾಕಿದ ರಾಗಿ ಗಂಜಿಯನ್ನೂ ಸೇರಿಸಿದೆವು. ಸಿರೋಸಿಸ್‌ನಲ್ಲಿ ಲಿವರಿನಲ್ಲಿ ಶಕ್ತಿಯ ದಾಸ್ತಾನು ಕಡಿಮೆ, ರಾತ್ರಿಯ ಉಪವಾಸದಲ್ಲಿ ಮೈ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ.

ಕ್ಯಾಪ್ಸೂಲ್ ನಿಲ್ಲಿಸಿ, ಡಬ್ಬಿ ತಂದು ಡಾಕ್ಟರಿಗೆ ತೋರಿಸಲು ಹೇಳಿದೆ. ಅದರಲ್ಲಿ ಅಶ್ವಗಂಧ, ವಿಟಮಿನ್ ಎ, ಬಯೋಟಿನ್ ಇದ್ದವು. ಅಶ್ವಗಂಧದಿಂದ ಲಿವರಿಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ವಿಟಮಿನ್ ಎ ಜಾಸ್ತಿಯಾದರೆ ಲಿವರಿಗೂ ತೊಂದರೆ, ಕೂದಲೂ ಉದುರುತ್ತದೆ. ಥೈರಾಯ್ಡ್ ತೊಂದರೆಯಿಂದಲೂ ಕೂದಲು ಉದುರುತ್ತದೆ, ಅದನ್ನೂ ಪರೀಕ್ಷಿಸಬೇಕಿತ್ತು; ಆದರೆ ಬಯೋಟಿನ್ ಅನ್ನುವ ವಿಟಮಿನ್ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿಸಬಹುದು. ಅದಕ್ಕೇ ಕ್ಯಾಪ್ಸೂಲ್ ಬಿಟ್ಟ ಕೆಲವು ದಿನಗಳ ಮೇಲೆ ರಕ್ತ ಕೊಡಿಸಿದರು.

ಥೈರಾಯ್ಡ್ ಸರಿಯಿತ್ತು. ಜಿಂಕ್ ಕಡಿಮೆ ಇತ್ತು. ಸಿರೋಸಿಸ್‌ನಲ್ಲಿ ಇದು ಸಾಮಾನ್ಯ, ನೀರು ಇಳಿಸುವ ಮಾತ್ರೆಯಿಂದ ಮೂತ್ರದಲ್ಲಿ ಇನ್ನಷ್ಟು ಹೋಗುತ್ತದೆ. "ಬಾಯಿಗೆ ರುಚಿಯೇ ಇಲ್ಲ" ಅಂತ ಅವರು ಹೇಳುತ್ತಿದ್ದುದಕ್ಕೂ ಇದು ಒಂದು ಕಾರಣ ಇರಬಹುದು. ರಕ್ತ ಹೋಗಿದ್ದರಿಂದ ಕಬ್ಬಿಣದಂಶವೂ ಇಳಿದಿತ್ತು. ಮೈಯಲ್ಲಿ ಶೇಖರವಾದ ಕಬ್ಬಿಣವನ್ನು ತೋರಿಸುವ ಫೆರಿಟಿನ್ ಪರೀಕ್ಷೆ ಲಿವರಿನ ಉರಿಯೂತದಲ್ಲಿ ಏರಿರಬಹುದು, ಅದೊಂದನ್ನೇ ನಂಬಲಾಗದು. ಡಾಕ್ಟರ್ ರಕ್ತದಲ್ಲಿ ಓಡಾಡುವ ಕಬ್ಬಿಣದ ಮಟ್ಟ ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಪರೀಕ್ಷೆ ಕೂಡ ನೋಡಿ ಕಬ್ಬಿಣ, ಜಿಂಕ್ ಎರಡನ್ನೂ ಬರೆದರು. ಇವನ್ನು ಅಂಗಡಿಯಿಂದ ತಾವೇ ತಂದು ನುಂಗಬಾರದು. ಕೆಲವು ಲಿವರ್ ಕಾಯಿಲೆಗಳಲ್ಲಿ ಕಬ್ಬಿಣ ಶೇಖರವಾಗುವುದೇ ತೊಂದರೆ. ಜಿಂಕ್ ಅತಿಯಾದರೆ ತಾಮ್ರದಂಶ ಇಳಿಯುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ಅವರ ಗಂಡನನ್ನೂ ಕೂರಿಸಿಕೊಂಡು ಹೇಳಿದೆ. ಕಬ್ಬಿಣದ ಮಾತ್ರೆಗೆ ಮಲ ಕಪ್ಪಾಗುತ್ತದೆ. ಆದರೆ ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆ ಬಂದರೆ ಒಳಗೆ ರಕ್ತ ಹೋಗುತ್ತಿದೆ ಅಂತ. ಆಗ ಬೆಳಗಾಗಲಿ ಅಂತ ಕಾಯಬಾರದು, ಆಸ್ಪತ್ರೆಗೆ ಹೊರಡಬೇಕು.

ಗಂಡಸರಲ್ಲಿ ಚಿತ್ರ ಬೇರೆ ಇರುತ್ತದೆ. ಸಿರೋಸಿಸ್‌ನಲ್ಲಿ ಹಾರ್ಮೋನ್ ಏರುಪೇರಾಗಿ ಎದೆ, ಕಂಕುಳಿನ ಕೂದಲು ಹೋಗುತ್ತದೆ, ಎದೆ ಉಬ್ಬುತ್ತದೆ. ನಾಚಿಕೆಯಿಂದ ಹೇಳುವುದಿಲ್ಲ. ದಯವಿಟ್ಟು ಡಾಕ್ಟರಿಗೆ ಹೇಳಿ.

ಐದಾರು ತಿಂಗಳಲ್ಲಿ ಇವರ ಹಣೆಯ ಅಂಚಿನಲ್ಲಿ ಗಿಡ್ಡ ಹೊಸ ಕೂದಲು ಬಂದಿತ್ತು. ಬೈತಲೆ ಮಾತ್ರ ಅಗಲವಾಗಿಯೇ ಉಳಿದಿದೆ. ಅದು ವಯಸ್ಸು ಮತ್ತು ವಂಶದ್ದು, ಲಿವರಿನದಲ್ಲ ಅಂದರು ಚರ್ಮದ ಡಾಕ್ಟರ್. ಕೂದಲು ಬೆಳೆಯಲು ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಔಷಧಿಯ ಬಗ್ಗೆ ಮಾತು ಬಂದಿದೆ. ಅದರ ಮಾತ್ರೆ ಮೈಯಲ್ಲಿ ನೀರು ನಿಲ್ಲಿಸುವುದರಿಂದ ಇವರಿಗೆ ಬೇಡ. ಹಚ್ಚುವುದಾದರೂ ಬಿಪಿ ನೋಡಿ, ಲಿವರ್ ಡಾಕ್ಟರನ್ನು ಕೇಳಿಯೇ ಶುರು ಮಾಡುತ್ತೇನೆ ಅಂತ ಅವರೇ ಹೇಳಿದರು.